ನೀಲಿ ಹರಡಿದ ಹಾಳೆ

ಅತ್ತಿಗೆ ಮೆಟ್ಟಿಲು ಹತ್ತಿ ಬಂದಾಗ ಅಂಟತ್ತೆ ಒಲೆಯ ಮುಂದೆ ನಿಂತು ಮೈದಾ ಅಂಟು ಕುದಿಸುತ್ತಿದ್ದಳು. ಅಂಟು ಕುದಿಯುವಾಗ ಕೈ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಗಂಟು ಕಟ್ಟುತ್ತದೆ, ಗಂಟು ಕಟ್ಟಿದ ಅಂಟು ಕಾಗದದ ಕೆಳಗೆ ಮೊಡವೆಯ ಹಾಗೆ ಎದ್ದು ಕಾಣುತ್ತದೆ. ಹಾಗಾಗಿ ಅವಳು ಸೌಟು ತಿರುಗಿಸುತ್ತಲೇ ಕತ್ತು ಹೊರಳಿಸಿ, "ಬನ್ನಿ ಅತ್ತಿಗೆ, ಕೂತ್ಕೊಳ್ಳಿ" ಅಂದಳು. ಅತ್ತಿಗೆ ಕೂರಲಿಲ್ಲ. ಕಂಕುಳಲ್ಲಿ ಅವುಚಿಕೊಂಡಿದ್ದ ಬಟ್ಟೆಯ ಚೀಲವನ್ನು ಮೇಜಿನ ಮೇಲಿಟ್ಟು, ಅದರ ಮೇಲಿಂದ ಕೈ ತೆಗೆಯದೆ ನಿಂತಳು.

"ಇದೆಲ್ಲ ಪಿಟ್ಟೆದು" ಅಂದಳು.

ಅಂಟತ್ತೆ ಒಲೆ ಆರಿಸಿದಳು. ಗಂಟು ಕಟ್ಟಿದರೆ ಕಟ್ಟಲಿ ಅನ್ನಿಸಿತು.

ಪಿಟ್ಟೆ ಅಂದರೆ ಅಣ್ಣನ ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅಜ್ಜಿ ಇಟ್ಟ ಅಡ್ಡಹೆಸರು. ಮಗು ಬೆಳೆದರೂ ಹೆಸರು ಬೆಳೆಯಲಿಲ್ಲ. ಅಂಟತ್ತೆಗೆ ಅವಳ ಹೆಸರು ಬಂದದ್ದೂ ಆ ಮಗುವಿನಿಂದಲೇ. ಅತ್ತೆಯ ಕೈ ಹಿಡಿದರೆ ಬಿಡಿಸಿಕೊಳ್ಳೋಕೆ ಆಗಲ್ಲ, ಅಂಟತ್ತೆ ಅಂತ ಒಮ್ಮೆ ಎಲ್ಲರೆದುರು ದೂರು ಹೇಳಿತ್ತು. ಅಂದಿನಿಂದ ಮನೆಗೆ ಮನೆಯೇ ಹಾಗೆ ಕರೆಯತೊಡಗಿತು, ಕೆಳಗಡೆ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯವನೂ ಸೇರಿ. ಹೋದ ವರ್ಷ ಆ ಮಗುವಿಗೆ ಜ್ವರ ಬಂತು. ಬಂದದ್ದು ಇಳಿಯಲಿಲ್ಲ. ಆಗಿನ್ನೂ ಅದು ಒತ್ತಕ್ಷರ ಕಲಿತಿರಲಿಲ್ಲ.

ಅಂಟತ್ತೆಯ ಕಸುಬು ಕಾಗದ ಅಂಟಿಸಿ ಚಿತ್ರ ಮಾಡುವುದು. ಕೊಲಾಜ್ ಅಂತ ಕೊಳ್ಳುವವರು ಹೇಳುತ್ತಾರೆ, ತೇಪೆ ಕೆಲಸ ಅಂತ ಅಜ್ಜಿ ಹೇಳುತ್ತಾಳೆ. ಆಸ್ಪತ್ರೆಯ ಪಡಸಾಲೆಗೆ, ಕಚೇರಿಯ ಗೋಡೆಗೆ, ಹೊಸ ಮನೆ ಕಟ್ಟಿಸಿದವರ ಹಜಾರಕ್ಕೆ ಅವಳ ಚಿತ್ರಗಳು ಹೋಗಿವೆ. ಮದುವೆ ಮುರಿದುಕೊಂಡು ಬಂದ ಮೇಲೆ ಅಮ್ಮನನ್ನು ಜೊತೆಗಿಟ್ಟುಕೊಂಡು, ಕಟ್ಟಿನ ಅಂಗಡಿಯ ಮೇಲಿನ ಈ ಎರಡು ಕೋಣೆಗಳಲ್ಲಿ ಬದುಕು ಕಟ್ಟಿಕೊಂಡವಳು. ಆ ಅಮ್ಮನೇ ಎಲ್ಲರ ಬಾಯಲ್ಲಿ ಅಜ್ಜಿ.

"ಎಲ್ಲ ಒಂದೇ ಸಲಕ್ಕೆ ಕಣ್ಣಿಗೆ ಕಾಣೋ ಹಾಗೆ ಒಂದು ಮಾಡಿಕೊಡು" ಅಂದಳು ಅತ್ತಿಗೆ. "ಒಂದೊಂದೇ ತೆಗೆದು ನೋಡೋದಕ್ಕೆ ನನ್ನ ಕೈಲಿ ಆಗ್ತಿಲ್ಲ. ಚೀಲಕ್ಕೆ ಕೈ ಹಾಕಿದರೆ ಯಾವುದು ಬರುತ್ತೋ ಅಂತ ಭಯ. ಗೋಡೆ ಮೇಲಿದ್ದರೆ ಎಲ್ಲ ಎದುರಿಗೇ ಇರುತ್ತೆ. ಹಠಾತ್ತಾಗಿ ಯಾವುದೂ ಬರಲ್ಲ."

"ಮಾಡ್ತೀನಿ ಅತ್ತಿಗೆ."

"ಕತ್ತರಿ ಹಾಕಬಾರದು. ಅಂಚನ್ನೂ ಹರಿಯಬಾರದು."

"ಒಂದರ ಮೇಲೊಂದು ಸ್ವಲ್ಪ ಕೂರಿಸ್ತೀನಿ, ಅಷ್ಟೇ. ಕಲರ್ ಜೆರಾಕ್ಸ್ ಮಾಡಿಸಿ ಅದನ್ನ ಅಂಟಿಸಿದರೆ ಇನ್ನೂ ಒಳ್ಳೇದು. ಅಸಲು ನಿಮ್ಮ ಹತ್ತಿರಾನೇ ಇರಲಿ."

ಅತ್ತಿಗೆ ಬೇಡವೆಂದು ತಲೆಯಾಡಿಸಿದಳು. "ಜೆರಾಕ್ಸನ್ನ ಮಿಷನ್ ಮುಟ್ಟಿರುತ್ತೆ. ನನಗೆ ಅವಳ ಕೈ ಮುಟ್ಟಿದ್ದೇ ಬೇಕು."

ಹೇಳಿದ ಮೇಲೂ ಸುಮಾರು ಹೊತ್ತು ಚೀಲದ ಮೇಲಿನ ಕೈ ತೆಗೆಯಲಿಲ್ಲ. ಅಜ್ಜಿ ಒಳಗಿಂದ ಬಂದು, "ಹೋಗಮ್ಮ, ಅವಳು ನೋಡ್ಕೋತಾಳೆ" ಅಂದ ಮೇಲೆ ತೆಗೆದಳು.

ಅಂದು ಸಂಜೆ ಅಣ್ಣ ಫೋನ್ ಮಾಡಿದ. ಅವನಿಗೆ ಈ ಕೆಲಸ ಸುತರಾಂ ಇಷ್ಟವಿರಲಿಲ್ಲ. "ಈಗಷ್ಟೇ ಎರಡು ತುತ್ತು ಉಣ್ಣೋದಕ್ಕೆ ಶುರು ಮಾಡಿದ್ದಾಳೆ. ಆ ಗಾಯ ಕೆರೆದು ಗೋಡೆಗೆ ನೇತು ಹಾಕಬೇಕಾ? ನೀನಾದರೂ ಬೇಡ ಅನ್ನಬಾರದಾ?" ಅವನು ಆ ಚೀಲವನ್ನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಮಗುವಿನ ಚಪ್ಪಲಿ, ಶಾಲೆಯ ಬ್ಯಾಗು, ಎಲ್ಲ ಅಟ್ಟ ಸೇರಿಸಿ ಮೇಲೆ ಹಳೆಯ ಕಂಬಳಿ ಮುಚ್ಚಿದವನು ಅವನೇ.

ಕೆಲಸಕ್ಕೆ ಇಳಿದಾಗ ಅವಳು ಮೊದಮೊದಲು ಉಸಿರಾಡಲೂ ಹೆದರಿದಳು. ಅಂಗಡಿಯವನಿಂದ ಒಳ್ಳೆಯ ಹಲಗೆ ಕೊಯ್ಯಿಸಿ, ಬಾಗದಿರಲೆಂದು ಎರಡೂ ಕಡೆ ಬಿಳಿ ಬಳಿದು, ಉಜ್ಜಿ, ಮತ್ತೆ ಬಳಿದಳು. ಆಮೇಲೆ ಚಿತ್ರಗಳನ್ನು ನೆಲದ ಮೇಲೆ ಹರಡಿ ವಿಂಗಡಿಸಿದಳು. ಬಳಪದ್ದು ಒಂದು ರಾಶಿ. ಅದರಲ್ಲಿ ಮೇಣ ಇರುವುದರಿಂದ ನೀರಿಗೆ ಹೆದರುವುದಿಲ್ಲ, ಆದರೆ ಬಿಸಿಗೆ ಕರಗುತ್ತದೆ. ಸ್ಕೆಚ್ ಪೆನ್ನಿನದು ಇನ್ನೊಂದು. ಒಂದು ಹನಿ ತಗುಲಿದರೂ ಹರಡುತ್ತದೆ, ಅದಕ್ಕೆ ಮೊದಲು ಬಣ್ಣ ಹಿಡಿದಿಡುವ ಸ್ಪ್ರೇ ಹೊಡೆದು ಒಣಗಿಸಿ, ದಪ್ಪಗಿನ ಬಿಳಿ ಗೋಂದಿನಲ್ಲಿ ಹೆಚ್ಚು ತೇವವಾಗದಂತೆ ಕೂರಿಸಬೇಕು. ಪೆನ್ಸಿಲ್ಲಿನದು, ಬಾಲ್ ಪೆನ್ನಿನದು ಮೂರನೆಯದು. ಅದು ಸಾಧುವಾದ ರಾಶಿ. ತೆಳ್ಳನೆಯ ನೋಟ್ ಪುಸ್ತಕದ ಹಾಳೆಗಳು. ಒಣ ಕಾಗದಕ್ಕೆ ಹಾಗೇ ಅಂಟು ಹಚ್ಚಿದರೆ ಅದು ಹಿಗ್ಗಿ, ಸುರುಳಿ ಸುತ್ತಿ, ಗುಳ್ಳೆ ಏಳುತ್ತದೆ. ಅದಕ್ಕೇ ಮೊದಲು ಒದ್ದೆ ಬಟ್ಟೆಯ ನಡುವೆ ಮಲಗಿಸಿ, ಮೆತ್ತಗಾದ ಮೇಲೆ ಮೈದಾ ಅಂಟು ಹಚ್ಚಿ, ನಡುವಿನಿಂದ ಅಂಚಿಗೆ ಕುಂಚ ಎಳೆದು ಗಾಳಿ ಹೊರಗೆ ತಳ್ಳಬೇಕು.

ಪ್ರತಿ ಹಾಳೆಯ ಮೂಲೆಯಲ್ಲೂ ಒಂದು ಗೆರೆಗೆ ಒದ್ದೆ ಹತ್ತಿ ಒತ್ತಿ ನೋಡಿ, ಬಣ್ಣ ಬಿಡುತ್ತದೋ ಇಲ್ಲವೋ ಪರೀಕ್ಷೆ ಮಾಡಿದ್ದಳು. ಯಾತಕ್ಕೂ ಇರಲಿ ಎಂದು ಎಲ್ಲದರ ಜೆರಾಕ್ಸ್ ಮಾಡಿಸಬೇಕು ಅಂದುಕೊಂಡಿದ್ದಳು. ಇವತ್ತು ಬಿಸಿಲು, ನಾಳೆ ಅಂಗಡಿ ರಜೆ ಎನ್ನುತ್ತ ಅದು ಮುಂದಕ್ಕೆ ಹೋಯಿತು. ಕೊನೆಗೆ ನೆಲದ ಮೇಲೆ ಹರಡಿದ್ದಾಗ ಅವಸರದಲ್ಲಿ ಫೋನಿನಲ್ಲಿ ಒಂದಷ್ಟು ಫೋಟೋ ಹೊಡೆದುಕೊಂಡಳು. ಇಷ್ಟು ವರ್ಷ ಅಂಟಿಸಿದ ಕೈ, ಏನಾಗುತ್ತದೆ ಅನ್ನುವ ಧೈರ್ಯ ಅವಳಿಗೆ ಇತ್ತು.

ಮೊದಲ ದಿನಗಳು ಚೆನ್ನಾಗಿಯೇ ಹೋದವು. ಬಳಪದ ಕೆಂಪು ಬಸ್ಸು ಹಲಗೆಯ ನಡುಭಾಗಕ್ಕೆ ಹತ್ತಿರ ಕೂತಿತು. ಬಸ್ಸಿಗೆ ಮಗು ಕಾಲು ಬರೆದಿತ್ತು, ಚಕ್ರ ಬರೆದಿರಲಿಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ನೋಡಿ, "ಸರಿಯಾಗೇ ಬರೆದಿದೆ ನನ್ನ ಬಂಗಾರ. ಈ ಊರ ಬಸ್ಸು ನಡೆದೇ ಹೋಗೋದಲ್ವಾ" ಅಂದು ನಕ್ಕು, ಆ ನಗುವಿನ ಬೆನ್ನಿಗೇ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅದಾದ ಮಾರನೆಯ ಬೆಳಿಗ್ಗೆ ಅಂಟತ್ತೆ ಬಾಲ್ ಪೆನ್ನಿನ ರಾಶಿಯಿಂದ ಒಂದು ಹಾಳೆ ತೆಗೆದು ಒದ್ದೆ ಬಟ್ಟೆಯ ನಡುವೆ ಇಟ್ಟಳು. ಪಿಟ್ಟೆ ಬರೆದ ತನ್ನ ಅಮ್ಮನ ಚಿತ್ರ. ನೆಲದವರೆಗೆ ಕೂದಲು ಬಿಟ್ಟ ಹೆಂಗಸು, ಎರಡು ಕಣ್ಣು, ಒಂದೇ ಹುಬ್ಬು, ಬೆರಳುಗಳಿಗೆ ಲೆಕ್ಕವಿಲ್ಲ. ಕೆಳಗೆ ಮೂಲೆಯಲ್ಲಿ ದೊಡ್ಡದಾಗಿ 'ಅಮಮ' ಎಂದು ಬರೆದಿತ್ತು. ಆ ಅಕ್ಷರದ ಮೇಲೇ ಅವಳು ಹತ್ತಿ ಒತ್ತಿ ನೋಡಿದ್ದಳು. ಒಂದಿಷ್ಟೂ ಬಣ್ಣ ಬಿಟ್ಟಿರಲಿಲ್ಲ.

ಅಂಟು ಸೋಸಿ, ಕುಂಚ ತೊಳೆದುಕೊಂಡು ಬಂದು ಬಟ್ಟೆ ಎತ್ತಿದಳು. ಬಟ್ಟೆಯ ಒಳಮೈ ನೀಲಿಯಾಗಿತ್ತು.

ಅಕ್ಷರ ಇದ್ದ ಹಾಗೇ ಇತ್ತು. ಅಮಮ. ಅದು ಬಾಲ್ ಪೆನ್ನು. ಅದರ ಮೇಲಿದ್ದ ಹೆಂಗಸನ್ನು ಮಗು ಬೇರೆ ಪೆನ್ನಿನಲ್ಲಿ ಬರೆದಿತ್ತು, ನೋಡಲು ಅದೇ ನೀಲಿ, ಆದರೆ ಶಾಯಿ. ಕೂದಲು ಕರಗಿ ಮುಖದ ಮೇಲೆ ಹರಿದಿತ್ತು. ಮುಖ ಕರಗಿ ಕೈಗಳಿಗೆ ಇಳಿದಿತ್ತು. ಒಂದು ಕಣ್ಣು ಮಾತ್ರ ಎಲ್ಲೋ ಒಂದು ಕಡೆ, ನೀರಲ್ಲಿ ಮುಳುಗಿದ ಕಲ್ಲಿನ ಹಾಗೆ, ಇದೆಯೋ ಇಲ್ಲವೋ ಅನ್ನುವಷ್ಟು ಉಳಿದಿತ್ತು.

ಅಂಟತ್ತೆಗೆ ಕೈಕಾಲು ಆಡಲಿಲ್ಲ. ಆಮೇಲೆ ಆಡಿದವು, ಬೇಡದಷ್ಟು ಆಡಿದವು. ಹೀರುಕಾಗದ ತಂದು ಒತ್ತಿದಳು. ಅದು ಇನ್ನಷ್ಟು ನೀಲಿ ಹೀರಿಕೊಂಡಿತು. ತೆಗೆದಳು. ಫ್ಯಾನಿನ ಕೆಳಗೆ ಹಿಡಿದಳು, ಗಾಳಿಗೆ ಒದ್ದೆ ಹಾಳೆ ಬಾಗಿ ಬಣ್ಣ ಇನ್ನೊಂದು ಕಡೆಗೆ ಜಾರಿತು. ಮತ್ತೆ ಮಲಗಿಸಿದಳು. ಮೇಜಿನ ಅಂಚು ಹಿಡಿದುಕೊಂಡು ಅದರ ಮೇಲೆ ಬಾಗಿ, ಹಾಳೆಗೆ ಕೇಳಿಸುವ ಹಾಗೆ "ನಿಲ್ಲು, ನಿಲ್ಲು" ಅನ್ನುತ್ತಿದ್ದಳು. ಅದು ನಿಂತಾಗ ಅಲ್ಲಿ ಒಂದು ನೀಲಿ ಮೋಡವೂ ಕೆಳಗೆ ಮೂರು ಅಕ್ಷರವೂ ಉಳಿದಿದ್ದವು.

ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. "ಯಾವುದು ಅದು?" ಅಂದಳು.

"ಅತ್ತಿಗೆದು."

ಅಜ್ಜಿ ಬಾಗಿಲ ಚೌಕಟ್ಟಿಗೆ ಒರಗಿ ಹಾಗೇ ಕೆಳಗೆ ಕೂತಳು. "ಹೋಗಿ ಹೇಳಿಬಿಡು. ಇವತ್ತೇ ಹೇಳು. ಹೊತ್ತು ಹೋದಷ್ಟೂ ಬಾಯಿ ಬರಲ್ಲ."

ಹೇಳಬೇಕೆಂದೇ ಅಂಟತ್ತೆ ಮಧ್ಯಾಹ್ನ ಫೋನ್ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಅದೇ ಹೊಡೆದುಕೊಂಡಿತು. ಅತ್ತಿಗೆ. ಮಗು ಹೋದ ಮೇಲೆ ಅತ್ತಿಗೆ ತಾನಾಗಿ ಯಾರಿಗೂ ಫೋನ್ ಮಾಡಿದ್ದಿಲ್ಲ.

"ಒಂದು ಹೇಳೋದು ಮರೆತಿದ್ದೆ" ಅಂದಳು ಅತ್ತಿಗೆ. ಅವಳ ದನಿಯಲ್ಲಿ ಏನೋ ಒಂದು ಚೂರು ಜೀವ ಇತ್ತು. "ನನ್ನ ಕೂದಲು ಬಿಟ್ಟಿರೋ ಚಿತ್ರ ಇದೆ ನೋಡು, ನೀಲಿದು. ಅದನ್ನ ನಡುವೆ ಹಾಕು. ಹಾಸಿಗೆ ಮೇಲೆ ಮಲಗಿದರೆ ನೆಟ್ಟಗೆ ಕಣ್ಣಿಗೆ ಬೀಳೋ ಹಾಗೆ."

ಅಂಟತ್ತೆ ಮೇಜಿನ ಮೇಲಿದ್ದ ನೀಲಿ ಮೋಡದ ಕಡೆ ತಿರುಗಿದಳು.

"ಕೇಳಿಸ್ತಾ?"

"ಕೇಳಿಸ್ತು ಅತ್ತಿಗೆ. ಹಾಕ್ತೀನಿ."

ಫೋನ್ ಕೆಳಗಿಟ್ಟ ಮೇಲೆ ಅವಳು ಅಜ್ಜಿಯ ಮುಖ ನೋಡಲಿಲ್ಲ.

ಅದರ ಮರುದಿನದಿಂದ ಅವಳು ಹಿಡಿದ ದಾರಿ ಬೇರೆ. ಪೇಟೆಯ ಪುಸ್ತಕದಂಗಡಿಗಳನ್ನೆಲ್ಲ ಸುತ್ತಿ ಸಿಕ್ಕಷ್ಟು ನೀಲಿ ಪೆನ್ನು ತಂದಳು. ಅದೇ ಗೆರೆಯ, ಅದೇ ಅಗಲದ ನೋಟ್ ಪುಸ್ತಕ ತಂದಳು. ಫೋನಿನಲ್ಲಿ ಆ ಚಿತ್ರದ ಫೋಟೋ ಒಂದೇ ಒಂದಿತ್ತು. ಓರೆಯಾಗಿ ಹೊಡೆದದ್ದು, ಅರ್ಧ ಹಾಳೆಯ ಮೇಲೆ, ಚಿತ್ರದ ಮುಖವೂ ಸೇರಿ, ಅವಳದೇ ತಲೆಯ ನೆರಳು. ಅದನ್ನು ಎದುರಿಗಿಟ್ಟುಕೊಂಡು ಬರೆಯಲು ಕೂತಳು.

ಬರಲಿಲ್ಲ. ಅವಳ ಗೆರೆ ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದು ಹೋಗುತ್ತಿತ್ತು. ಮಗುವಿನ ಗೆರೆ ಹಾಗಲ್ಲ, ಹೊರಟ ಮೇಲೆ ದಾರಿ ಹುಡುಕುತ್ತಿತ್ತು. ಎಡಗೈಯಲ್ಲಿ ಬರೆದಳು, ಅದು ನಡುಗುವ ಮುದುಕಿಯ ಗೆರೆಯಾಯಿತು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಬರೆದಳು. ಕಣ್ಣು ಮುಚ್ಚಿ ಬರೆದಳು. ನೆಲದ ಮೇಲೆ ಬೋರಲು ಬಿದ್ದು, ಪಿಟ್ಟೆ ಬರೆಯುತ್ತಿದ್ದ ಹಾಗೆ ಕಾಲು ಮೇಲೆತ್ತಿಕೊಂಡು ಬರೆದಳು. ಕಸದ ಬುಟ್ಟಿ ತುಂಬ ಕೂದಲು ಬಿಟ್ಟ ಹೆಂಗಸರು ಮುದುರಿಕೊಂಡು ಬಿದ್ದರು. ಆಸ್ಪತ್ರೆಯೊಂದಕ್ಕೆ ಒಪ್ಪಿಕೊಂಡಿದ್ದ ಚಿತ್ರವನ್ನು ಆಗುವುದಿಲ್ಲವೆಂದು ಬಿಟ್ಟುಕೊಟ್ಟಳು. ಊಟದ ತಟ್ಟೆ ಮುಂದಿಟ್ಟರೆ ತಟ್ಟೆಯ ಅಂಚಲ್ಲಿ ಬೆರಳಿನಿಂದ ಕೂದಲು ಬರೆಯುತ್ತಿದ್ದಳು.

"ಇದು ಸರಿಯಲ್ಲ ಕಣೇ" ಅಂದಳು ಅಜ್ಜಿ.

"ನನಗೆ ಗೊತ್ತು."

"ಗೊತ್ತಿದ್ದೂ ಮಾಡ್ತಿದ್ದೀಯಾ?"

"ಇನ್ನೇನು ಮಾಡಲಿ? ಹೇಳಮ್ಮ, ಇನ್ನೇನು ಮಾಡಲಿ? ಮಗೂನ ಎರಡನೇ ಸಲ ಕಳ್ಕೊಂಡಿರಿ ಅಂತ ಹೋಗಿ ಹೇಳಲಾ?"

ಅಜ್ಜಿ ಬುಟ್ಟಿಯಲ್ಲಿದ್ದ ಕಾಗದಗಳನ್ನು ಎತ್ತಿಕೊಂಡು ಹೋಗಿ ಹಿತ್ತಿಲಲ್ಲಿ ಸುಟ್ಟಳು. ಯಾರಾದರೂ ನೋಡಿಬಿಟ್ಟಾರು ಅನ್ನುವ ಭಯ ಅವಳಿಗೂ ಹತ್ತಿತ್ತು.

ಕಡೆಗೊಂದು ಮಧ್ಯಾಹ್ನ, ಸೋತು ಸುಣ್ಣವಾಗಿ, ನೋಡುವುದನ್ನೇ ಬಿಟ್ಟು ಎಳೆದ ಒಂದು ಹಾಳೆ ಸುಮಾರಾಗಿ ಬಂತು. ಗೆರೆ ಅಲ್ಲಲ್ಲಿ ಕುಣಿದಿತ್ತು, ಫೋಟೋದಲ್ಲಿ ಕುಣಿದ ಹಾಗೆ. ಕೆಳಗೆ ಬಾಲ್ ಪೆನ್ನಿನಲ್ಲಿ 'ಅಮಮ' ಬರೆದಳು. ಆ ಮೂರಕ್ಷರವೂ ಸರಿಯಾಗಿಯೇ ಬಂದವು. ಚಹಾದ ನೀರಿನಲ್ಲಿ ಅಂಚನ್ನು ತುಸು ಹಳದಿ ಮಾಡಿ, ಮಡಿಕೆ ಹಾಕಿ ಬಿಚ್ಚಿ, ನಾಲ್ಕು ಸಲ ಸ್ಪ್ರೇ ಹೊಡೆದು ಒಣಗಿಸಿದಳು. ಹಲಗೆಯ ನಡುವೆ, ಕೆಂಪು ಬಸ್ಸಿನ ಒಂದು ಮೂಲೆಯ ಮೇಲೆ ಬರುವ ಹಾಗೆ ಕೂರಿಸಿದಳು. ಮೈದಾ ಅಂಟು ಹಾಕಲಿಲ್ಲ. ನೀರು ತಾಗಿಸಿ ನಾಳೆ ಯಾರಾದರೂ ಎತ್ತಿ ಹಿಂಬದಿ ನೋಡಿಯಾರು. ಬಿಳಿ ಗೋಂದನ್ನೇ ಧಾರಾಳವಾಗಿ ಸುರಿದು, ಅಂಚಿನಿಂದ ಅಂಚಿಗೆ ಹಚ್ಚಿ, ಮೇಣದ ಕಾಗದ ಹೊದಿಸಿ, ಮೇಲೆ ಹಲಗೆ, ಹಲಗೆಯ ಮೇಲೆ ಇಟ್ಟಿಗೆ ಹೇರಿದಳು. ಜನ್ಮದಲ್ಲಿ ಏಳಬಾರದು ಹಾಗೆ.

ಅಸಲನ್ನು ಎರಡು ಹೀರುಕಾಗದಗಳ ನಡುವೆ ಇಟ್ಟು, ಬಟ್ಟೆ ಬೀರುವಿನ ತಳಕ್ಕೆ ತಳ್ಳಿದಳು. ಎಸೆಯಲು ಕೈ ಬರಲಿಲ್ಲ.

ಚಿತ್ರ ಮುಗಿಯುವ ಹೊತ್ತಿಗೆ, ಕರೆಯದೆಯೇ ಅಣ್ಣ ಬಂದ. ಕೆಲಸದ ಮೇಲೆ ಈ ಕಡೆ ಬಂದಿದ್ದನಂತೆ. ಅಜ್ಜಿಯ ಕಾಲುನೋವು ವಿಚಾರಿಸಿದ, ಕಟ್ಟಿನ ಅಂಗಡಿಯವನ ಹೊಸ ಸ್ಕೂಟರಿನ ಮಾತಾಡಿದ. ಗೋಡೆಗೆ ಒರಗಿಸಿದ್ದ ಹಲಗೆಯ ಕಡೆ ತಿರುಗಲೇ ಇಲ್ಲ. ಎದ್ದು ಹೊರಟು, ಚಪ್ಪಲಿ ಮೆಟ್ಟಿಕೊಂಡವನು ಅಲ್ಲಿಂದಲೇ ಒಮ್ಮೆ ಕಣ್ಣು ಹಾಯಿಸಿದ. ಚಪ್ಪಲಿಯಲ್ಲೇ ಒಳಗೆ ಬಂದ. ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಇದು ಅವಳಾ?" ಅಂದ, ನಡುವಿನ ನೀಲಿ ಹೆಂಗಸನ್ನು ತೋರಿಸಿ. "ಅವಳ ಅಮ್ಮಾನಾ?"

"ಹೂಂ."

"ಒತ್ತು ಕೊಡೋದು ಬರ್ತಿರಲಿಲ್ಲ ನೋಡು" ಅಂದ ಅವನು. ಅಷ್ಟು ಹೇಳಿದ್ದೇ ತಡ, ಮಗುವನ್ನು ಕಳಿಸಿ ಬಂದ ದಿನವೂ ಅಳದಿದ್ದವನು, ಬಂದವರಿಗೆಲ್ಲ ತಾನೇ ನೀರು ಕೊಟ್ಟು ಕೂರಿಸಿದ್ದವನು, ಆ ಮೂರಕ್ಷರಕ್ಕೆ ಹಣೆ ಹಚ್ಚಿ ಅಳತೊಡಗಿದ. ಗಂಡಸು ಹಾಗೆ ಅಳುವುದನ್ನು ಅಂಟತ್ತೆ ನೋಡಿರಲಿಲ್ಲ. ಅದು ಪಿಟ್ಟೆ ಬರೆದದ್ದಲ್ಲ ಅಣ್ಣ, ನಾನು ಬರೆದದ್ದು. ಮಾತು ಗಂಟಲ ತನಕ ಬಂತು. ಅವನ ಬೆನ್ನು ಏರಿ ಇಳಿಯುತ್ತಿದ್ದುದನ್ನು ನೋಡಿ ಅಲ್ಲೇ ನಿಂತಿತು. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಹೋಗುವಾಗ ಅಣ್ಣ ಮುಖ ತೊಳೆದುಕೊಂಡು, "ನಾನು ಸುಮ್ಮನೆ ಬೇಡ ಅಂದಿದ್ದೆ" ಅಂದ. "ನೀನು ಒಳ್ಳೆ ಕೆಲಸ ಮಾಡಿದೆ."

ಆಮೇಲಿನ ಭಾನುವಾರ ಗಂಡ ಹೆಂಡತಿ ಇಬ್ಬರೂ ಬಂದರು. ಹಲಗೆ ಒಯ್ಯಲು ಸಾಮಾನಿನ ಗಾಡಿ ಕೆಳಗೆ ನಿಂತಿತ್ತು. ಅಂಟತ್ತೆ ಬೆಳಗಿನಿಂದ ಬಾಯಿಗೆ ನೀರೂ ಹಾಕಿರಲಿಲ್ಲ. ಅತ್ತಿಗೆ ಒಳಗೆ ಬಂದು, ಹಲಗೆಯ ಎಡ ಅಂಚಿನಿಂದ ಶುರು ಮಾಡಿ ಒಂದೊಂದೇ ಹಾಳೆ ನೋಡುತ್ತ ಹೋದಳು. ಕಾಲಿನ ಬಸ್ಸು ನೋಡಿ ಅವಳ ತುಟಿಯ ಮೂಲೆ ಅಲುಗಿತು. ಒಂದು ಚಿತ್ರಕ್ಕೆ ಬೆರಳಿಟ್ಟು, "ಇದು ಆ ಬೆಕ್ಕು" ಎಂದು ಗಂಡನಿಗೆ ಹೇಳಿದಳು. ನಡುವಿಗೆ ಬಂದಳು. ಅಲ್ಲಿ ಬಹಳ ಹೊತ್ತು ನಿಂತಳು.

"ಇದು ಯಾರು ಬರೆದದ್ದು?" ಅಂದಳು.

ಅಣ್ಣ ನಕ್ಕ. "ಯಾರು ಬರೀತಾರೆ? ಪಿಟ್ಟೆ."

"ಅಲ್ಲ." ಅತ್ತಿಗೆ ದನಿ ಏರಿಸಲಿಲ್ಲ. "ಅವಳು ಇದನ್ನ ನನ್ನ ಬೆನ್ನ ಮೇಲೆ ಹಾಳೆ ಇಟ್ಟುಕೊಂಡು ಬರೆದಳು. ನಾನು ಬೋರಲು ಮಲಗಿದ್ದೆ. ಕಚಗುಳಿ ಆಗಿ ನಕ್ಕಾಗೆಲ್ಲ ಗೆರೆ ಕುಣೀತಿತ್ತು, ಅಲ್ಲಾಡಬೇಡ ಅಮ್ಮ ಅಂತ ಬೈತಿದ್ದಳು. ಕೂದಲು ಬರೆಯೋವಾಗ ನಾನು ನಕ್ಕಿದ್ದು. ಮುಖ ಬರೆಯೋವಾಗ ಉಸಿರು ಬಿಗಿಹಿಡಿದಿದ್ದೆ. ಇದರಲ್ಲಿ ಮುಖದ ಗೆರೆ ಕುಣಿದಿದೆ."

ಅಂಟತ್ತೆ ಬೀರುವಿನ ಹತ್ತಿರ ಹೋಗಿ, ಬಟ್ಟೆಗಳ ಕೆಳಗೆ ಕೈ ಹಾಕಿ, ಆ ಹಾಳೆ ತಂದು ಅತ್ತಿಗೆಯ ಕೈಗೆ ಕೊಟ್ಟಳು. "ನಾನು ಒದ್ದೆ ಮಾಡಿದೆ" ಅಂದಳು. "ಅಕ್ಷರದ ಮೇಲೆ ಮಾತ್ರ ಪರೀಕ್ಷೆ ಮಾಡಿದೆ. ಮೇಲಿನದು ಬೇರೆ ಪೆನ್ನು ಅಂತ ನೋಡಲಿಲ್ಲ. ನಿಮಗೆ ಹೇಳೋ ಧೈರ್ಯ ಆಗಲಿಲ್ಲ."

ಅತ್ತಿಗೆ ಹೀರುಕಾಗದ ಬಿಡಿಸಿ ನೋಡಿದಳು. ಅವಳ ಮುಖದಲ್ಲಿ ಕೋಪ ಬರಲಿಲ್ಲ. ಕೋಪ ಬಂದಿದ್ದರೆ ಅಂಟತ್ತೆ ಬದುಕಿಕೊಳ್ಳುತ್ತಿದ್ದಳು. ಆ ಮುಖದಲ್ಲಿ ಇದ್ದದ್ದೂ ಇಳಿದುಹೋಯಿತು, ಅಷ್ಟೇ.

ಕೋಪ ಬಂದದ್ದು ಅಣ್ಣನಿಗೆ. "ಅಂದರೆ ಅವತ್ತು ನಾನು ಅತ್ತಿದ್ದು..." ಎಂದು ಶುರು ಮಾಡಿ, ಮುಂದೆ ಹೇಳಲಾಗದೆ, ತಂಗಿಯನ್ನು ಎಂದೂ ನೋಡದವನ ಹಾಗೆ ನೋಡಿದ. "ನೋಡ್ತಾ ನಿಂತಿದ್ದೆಯಲ್ಲ. ಸುಮ್ಮನೆ ನೋಡ್ತಾ ನಿಂತಿದ್ದೆ ನೀನು." ಆಮೇಲೆ ಹೆಂಡತಿಯ ಕಡೆ ತಿರುಗಿ ಇನ್ನೊಂದು ದನಿಯಲ್ಲಿ, "ಹೋಗಲಿ ಬಿಡು. ಇರಲಿ ಅದು. ನೋಡೋರಿಗೆ ಏನು ಗೊತ್ತಾಗುತ್ತೆ?" ಅಂದ.

"ನನಗೆ ಗೊತ್ತಲ್ಲ" ಅಂದಳು ಅತ್ತಿಗೆ. ನಾದಿನಿಯ ಕಡೆ ನೋಡದೆ ಹೇಳಿದಳು: "ಅದನ್ನ ತೆಗಿ."

"ಅತ್ತಿಗೆ, ಅದು ಬಿಳಿ ಗೋಂದು. ನೀರು ಹಾಕಿದರೆ ಪಕ್ಕದ ಸ್ಕೆಚ್ ಪೆನ್ನಿನದೆಲ್ಲ ಹರಡುತ್ತೆ. ಬಿಸಿ ಗಾಳಿ ಕೊಟ್ಟರೆ ಬಸ್ಸಿನ ಬಳಪ ಕರಗುತ್ತೆ. ಒಣದಾಗಿ ಕೆರೆದು ತೆಗೀಬೇಕು. ಕೆಳಗಿರೋದು ಹರಿಯಬಹುದು."

"ತೆಗಿ."

ಅಣ್ಣ ಕೆಳಗೆ ಹೋಗಿ ಗಾಡಿಯವನನ್ನು ಕಳಿಸಿಬಿಟ್ಟು ಅಲ್ಲೇ ಅಂಗಡಿಯ ಮುಂದೆ ಕೂತ. ಅಂಟತ್ತೆ ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ, ತೆಳ್ಳನೆಯ ಚಾಕು ಹಿಡಿದು ಕೂತಳು. ಅತ್ತಿಗೆ ಎದುರಿನ ಕುರ್ಚಿಯಲ್ಲಿ ಕೂತು ಚಾಕುವಿನ ತುದಿಯಲ್ಲೇ ಕಣ್ಣು ನೆಟ್ಟಳು. ಎಂದೂ ಏಳಬಾರದು ಎಂದು ಅಂಟಿಸಿದ್ದನ್ನು ಈಗ ಎಬ್ಬಿಸಬೇಕು. ಚಾಕು ಹೋಗಲು ಒಂದು ಎಳೆಯ ಸಂದೂ ಬಿಟ್ಟಿರಲಿಲ್ಲ ಅವಳ ಕೈ. ಮೂಲೆಯೊಂದನ್ನು ಉಗುರಿನಿಂದ ಎಬ್ಬಿಸಿ, ಹಾಳೆಯ ಮೇಲ್ಪದರವನ್ನು ಸೀಳಿ ಎಳೆದಳು. ಅಕ್ಕಿ ಕಾಳಿನಷ್ಟು ಬಂತು. ಮತ್ತೆ ಎಳೆದಳು. ಅವಳು ಬರೆದ ಹುಬ್ಬು ಬಂತು, ಅವಳು ಬರೆದ ಬೆರಳುಗಳು ಬಂದವು. ಚೂರುಗಳು ಮೇಜಿನ ಮೇಲೆ ತಲೆಹೊಟ್ಟಿನಂತೆ ಉದುರಿದವು. ಬೆವರು ಹಲಗೆಗೆ ಬೀಳದಿರಲೆಂದು ಅಜ್ಜಿ ಆಗಾಗ ಬಂದು ಮಗಳ ಹಣೆ ಒರೆಸಿ ಹೋಗುತ್ತಿದ್ದಳು.

ಬಸ್ಸಿನ ಮೇಲೆ ಕೂತಿದ್ದ ಭಾಗಕ್ಕೆ ಬಂದಾಗ ಹೊರಗೆ ಬಿಸಿಲು ಇಳಿದಿತ್ತು. ಅಂಟತ್ತೆ ಉಸಿರು ಬಿಡದೆ ಚಾಕು ಜಾರಿಸಿದಳು. ಚರ್ ಅಂತ ಸಣ್ಣ ಸದ್ದು. ಸುಳ್ಳು ಹಾಳೆಯ ಬೆನ್ನಿಗೆ ಅಂಟಿಕೊಂಡು ಬಸ್ಸಿನ ಹಿಂದಿನ ಕಾಲೊಂದು ಎದ್ದು ಬಂತು. ಕೆಂಪು ಬಳಪದ, ಬೆರಳುದ್ದದ ಕಾಲು.

ಅವಳು ಚಾಕು ಕೆಳಗಿಟ್ಟಳು. ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತಳು. "ನನ್ನ ಕೈಲಿ ಆಗಲ್ಲ ಅತ್ತಿಗೆ" ಅಂದಳು. "ಎಲ್ಲ ಹಾಳು ಮಾಡಿಬಿಡ್ತೀನಿ. ಮುಟ್ಟಿದ್ದೆಲ್ಲ ಹಾಳು ಮಾಡ್ತಿದ್ದೀನಿ."

ಅತ್ತಿಗೆ ಎದ್ದು ಬಂದು ಆ ಕಾಲನ್ನು ನೋಡಿದಳು. ತಾನೂ ಸೋತುಹೋದಂತೆ ಮೇಜಿಗೆ ಕೈ ಊರಿದಳು. ಇಬ್ಬರ ತಲೆಗಳೂ ಹತ್ತಿರ ಹತ್ತಿರ ಇದ್ದವು, ಆದರೆ ತಾಗಲಿಲ್ಲ.

"ಇನ್ನೂ ಸ್ವಲ್ಪ ಉಳಿದಿದೆ" ಅಂದಳು ಅತ್ತಿಗೆ. "ಅರ್ಧಕ್ಕೆ ಬಿಟ್ಟರೆ ಅದನ್ನ ನೋಡ್ತಾ ಇರಬೇಕಾಗುತ್ತೆ. ಮುಗಿಸು."

ಮುಗಿಸಿದಳು. ಬಸ್ಸಿನ ಕಾಲನ್ನು ಚಿಮುಟದಲ್ಲಿ ಎತ್ತಿ ಇದ್ದ ಜಾಗಕ್ಕೆ ಅಂಟಿಸಿದಳು, ಆದರೆ ಗಾಯದ ಗುರುತು ಉಳಿಯಿತು. ಹಲಗೆಯ ನಡುವೆ ಈಗ ಒಂದು ಬರಿದಾದ ಚೌಕ, ಕೆರೆದು ಕೆರೆದು ಒರಟಾದ ಬಿಳಿ. ಅಲ್ಲಿಗೆ ಏನು ಹಾಕಲಿ ಎಂದು ಅಂಟತ್ತೆ ಕೇಳಲಿಲ್ಲ. ಅತ್ತಿಗೆ ಹೇಳಲಿಲ್ಲ. ನೀಲಿ ಹರಡಿದ ಹಾಳೆಯನ್ನು ಹೀರುಕಾಗದದ ಸಮೇತ ಎದೆಗೆ ಒತ್ತಿಕೊಂಡು ಅವಳು ಮೆಟ್ಟಿಲಿಳಿದಳು. ಅಣ್ಣ ಮೇಲೆ ಬರಲೇ ಇಲ್ಲ. ಹಲಗೆಯನ್ನು ಮಾರನೆಯ ದಿನ ಅಂಗಡಿಯವನು ಒಯ್ದು ಕೊಟ್ಟು ಬಂದ.

ಆಮೇಲೆ ಯಾವ ಸುದ್ದಿಯೂ ಇಲ್ಲ. ಅಣ್ಣ ಅಜ್ಜಿಗೆ ಫೋನ್ ಮಾಡುತ್ತಿದ್ದ, ತಂಗಿಗೆ ಕೊಡು ಅನ್ನುತ್ತಿರಲಿಲ್ಲ. ಅಂಟತ್ತೆ ಹೊಟ್ಟೆಪಾಡಿಗೆ ಚಿಕ್ಕಪುಟ್ಟ ಕೆಲಸ ಹಿಡಿದಳು. ಯಾರಾದರೂ ಮನೆಯ ಹಳೆಯ ಪತ್ರ, ಹಳೆಯ ಫೋಟೋ ತಂದು ಇದನ್ನೂ ಸೇರಿಸಿ ಅಂದರೆ ಕೈ ಮುಗಿದು ವಾಪಸು ಕಳಿಸುತ್ತಿದ್ದಳು. ಅಂಟು ಕುದಿಸುವಾಗ ಅವಳ ಕೈ ತನ್ನಷ್ಟಕ್ಕೆ ತಿರುಗುತ್ತಿತ್ತು, ಮನಸ್ಸು ಮಾತ್ರ ಒದ್ದೆ ಬಟ್ಟೆ ಎತ್ತಿದ ಆ ಗಳಿಗೆಯಲ್ಲೇ ನಿಂತಿರುತ್ತಿತ್ತು. ಒಂದು ಬೆಳಿಗ್ಗೆ ಅಜ್ಜಿ, "ಅಣ್ಣನ ಮನೆಗೆ ಒಂದು ಸಲ ಹೋಗಿ ಬಾರೇ" ಅಂದಳು. "ಯಾವ ಮುಖ ಇಟ್ಕೊಂಡು ಹೋಗಲಿ?" ಅಂದಳು ಅವಳು. "ಇರೋದು ಒಂದೇ ಮುಖ. ಅದನ್ನೇ ಇಟ್ಕೊಂಡು ಹೋಗು" ಅಂದಳು ಅಜ್ಜಿ. ಹೋಗಲಿಲ್ಲ.

ಚಳಿ ಕಳೆದು ಗಾಳಿ ಒಣಗುವ ಕಾಲ ಬಂದಾಗ ಅತ್ತಿಗೆಯ ಫೋನ್ ಬಂತು. ಹೇಗಿದ್ದೀಯ ಎಂದು ಕೇಳಲಿಲ್ಲ.

"ಬೆಕ್ಕಿನ ಚಿತ್ರದ ಮೂಲೆ ಏಳ್ತಾ ಇದೆ. ಏನು ಮಾಡಬೇಕು?"

"ಮುಟ್ಟಬೇಡಿ. ಈಗಲೇ ಬಂದೆ."

ಗೋಂದಿನ ಡಬ್ಬಿ, ಕುಂಚ, ಮೇಣದ ಕಾಗದ ಚೀಲಕ್ಕೆ ಹಾಕಿಕೊಂಡು, ಬಸ್ಸಿಗೂ ಕಾಯದೆ ನಡೆದೇ ಹೋದಳು. ಅತ್ತಿಗೆ ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತಳು. ಮಲಗುವ ಕೋಣೆಯಲ್ಲಿ, ಹಾಸಿಗೆಯ ಎದುರು ಗೋಡೆಗೆ ಹಲಗೆ ಇತ್ತು. ನಡುವಿನ ಚೌಕ ಹಾಗೇ ಬರಿದಾಗಿತ್ತು. ಬೆಕ್ಕಿನ ಹಾಳೆಯ ಬಲ ಮೂಲೆ ಕಿವಿಯ ಹಾಗೆ ಮುಂದಕ್ಕೆ ಬಾಗಿತ್ತು. ಕಿಟಕಿಯ ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು.

ಅಂಟತ್ತೆ ಕುಂಚ ಅದ್ದಿ ಮುಂದೆ ಹೆಜ್ಜೆ ಇಟ್ಟಳು. ಅತ್ತಿಗೆ ಕೈ ಅಡ್ಡ ಹಿಡಿದಳು.

"ನೀನು ಮುಟ್ಟಬೇಡ. ಹೇಳು, ನಾನು ಹಚ್ತೀನಿ."

ಕುಂಚ ಕೈ ಬದಲಾಯಿಸಿತು. ಅಂಟತ್ತೆ ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿಕೊಂಡು ನಿಂತಳು. "ಅಷ್ಟು ಬೇಡ, ಡಬ್ಬಿಯ ಬಾಯಿಗೆ ಸವರಿ ಕಡಿಮೆ ಮಾಡಿ. ಹಾಳೆಗಲ್ಲ, ಮೊದಲು ಹಲಗೆಗೆ ಹಚ್ಚಿ. ಈಗ ಒಳಗಿನಿಂದ ಹೊರಕ್ಕೆ ಒತ್ತಿ. ಬೆರಳಲ್ಲಲ್ಲ, ಆ ಮೇಣದ ಕಾಗದ ಇಟ್ಟು ಅಂಗೈಯಲ್ಲಿ."

ಅತ್ತಿಗೆ ಹೇಳಿದ ಹಾಗೇ ಮಾಡಿದಳು. ಅವಳ ಅಂಗೈ ಬೆಕ್ಕಿನ ಮೇಲೆ ಒತ್ತಿ ನಿಂತಿತು. ಹೊರಗೆ ಯಾರೋ ಬಕೆಟ್ಟಿಗೆ ನೀರು ತುಂಬುತ್ತಿದ್ದರು. ಅದು ತುಂಬಿ, ನಲ್ಲಿ ನಿಂತಿತು.

"ಸಾಕು ಅತ್ತಿಗೆ. ಹಿಡ್ಕೊಂಡಿರುತ್ತೆ."

ಅತ್ತಿಗೆ ಕೈ ತೆಗೆದು ನೋಡಿದಳು. ಮೂಲೆ ಕೂತಿತ್ತು. ಕುಂಚ ತೊಳೆದು ಕೊಟ್ಟಳು, ಡಬ್ಬಿಯನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡಳು. "ಕಿಟಕಿಗೆ ಪರದೆ ಹಾಕಿ" ಅಂದಳು ಅಂಟತ್ತೆ, "ಬಿಸಿಲಿಗೇ ಎದ್ದದ್ದು ಅದು." ಅತ್ತಿಗೆ ತಲೆಯಾಡಿಸಿದಳು. ಕೂರು ಅನ್ನಲಿಲ್ಲ. ಬಾಗಿಲ ತನಕ ಬಂದು, "ಇನ್ನೊಂದು ಎದ್ದರೆ ಫೋನ್ ಮಾಡ್ತೀನಿ" ಅಂದಳು.

ಬೀದಿಗಿಳಿದು ಸ್ವಲ್ಪ ದೂರ ನಡೆದ ಮೇಲೆ ಅಂಟತ್ತೆ ತಿರುಗಿ ನೋಡಿದಳು. ಅತ್ತಿಗೆ ಕುರ್ಚಿ ಹತ್ತಿ, ಕಿಟಕಿಗೆ ಹಳೆಯ ಸೀರೆಯೊಂದನ್ನು ಕಟ್ಟುತ್ತಿದ್ದಳು. ಒಂದು ಕಡೆಯ ಗಂಟು ಬಿಚ್ಚಿಕೊಂಡು ಸೀರೆ ಜಾರಿತು. ಅತ್ತಿಗೆ ಇಳಿದು, ಎತ್ತಿಕೊಂಡು, ಮತ್ತೆ ಕುರ್ಚಿ ಹತ್ತಿದಳು. ವಾಪಸು ಹೋಗಿ ಒಂದು ತುದಿ ಹಿಡಿದುಕೊಳ್ಳಬಹುದಿತ್ತು. ಅಂಟತ್ತೆಗೆ ಅಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ. ಗಂಟು ನಿಲ್ಲುವ ತನಕ ಅಲ್ಲೇ ನಿಂತಿದ್ದು, ಆಮೇಲೆ ಮನೆಯ ಕಡೆ ಹೆಜ್ಜೆ ಹಾಕಿದಳು.